ಆಜೀಬಾಯಿಗೆ ಬರೆದ ಪತ್ರಗಳು

ನವುಲೆಯಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ರಾತ್ರಿ ಎಂಟಕ್ಕೆ ಸರಿಯಾಗಿ ಟೀವಿ ನಿಲ್ಲುತ್ತದೆ. ಒಂದು ನಿಮಿಷ ಕುರ್ಚಿ ಎಳೆಯುವ ಸದ್ದು, ಆಮೇಲೆ ಹಾಡು. ಯಜಮಾನರದು ದಪ್ಪ ದನಿ, ಅವರ ಹೆಂಡತಿಯದು ಒಂದು ಮನೆ ಮೇಲಿನ ಶ್ರುತಿ, ನಡುವೆ ಕಾಲೇಜಿಗೆ ಹೋಗುವ ಮಗಳು. ಹಾಡು ಮುಗಿದ ಮೇಲೆ ಸತ್ಯವೇದದ ಒಂದು ಅಧ್ಯಾಯ, ಅದಾದ ಮೇಲೆ ಪ್ರಾರ್ಥನೆ. ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿದು ತಟ್ಟೆ ಲೋಟದ ಸದ್ದು ಶುರುವಾಗುತ್ತದೆ. ಯಜಮಾನರ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಅವರು ಹಾಕಿಕೊಟ್ಟ ರೂಢಿ ಇದು. ಅವರು ತೀರಿಕೊಂಡರು, ಮನೆ ಬದಲಾಯಿತು, ಊರು ಬದಲಾಯಿತು. ಎಂಟು ಗಂಟೆಯ ಹಾಡು ಬದಲಾಗಿಲ್ಲ.

ಬದಲಾಗಿರುವುದು ಭಾನುವಾರ. ಮೊದಲು ಭಾನುವಾರ ಬೆಳಿಗ್ಗೆ ಎಂಟೂವರೆಗೆಲ್ಲ ಇಡೀ ಮನೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಸವಳಂಗ ರಸ್ತೆಗೆ ಬಂದು ಚರ್ಚಿಗೆ ಆಟೋ ಹಿಡಿಯುತ್ತಿತ್ತು. ಎರಡು ವರ್ಷದಿಂದ ಅದು ನಿಂತಿದೆ. ಸಭೆಯ ಹಣದ ಲೆಕ್ಕದ ಬಗ್ಗೆ ಯಜಮಾನರು ಎಲ್ಲರ ಮುಂದೆ ಒಂದು ಪ್ರಶ್ನೆ ಕೇಳಿದರು. ಸಭೆಯವರು ಕ್ಷಮೆ ಕೇಳು ಎಂದರು, ಇವರು ಕೇಳಲಿಲ್ಲ. ಆಮೇಲೆ ಕರ್ತನ ಭೋಜನಕ್ಕೆ ಬರಬೇಡ ಎಂದರು. ಇಷ್ಟು ನನಗೆ ಗೊತ್ತು. ತಪ್ಪು ಯಾರದೆಂದು ಹೇಳಲು ಆ ಲೆಕ್ಕದ ಪುಸ್ತಕ ನಾನು ನೋಡಿದವನಲ್ಲ. ಒಂದು ದಿನ ಆ ಅಕ್ಕ ಕಾಂಪೌಂಡಿನ ಆಚೆ ನಿಂತು ಹೇಳಿದ ಮಾತು ಮಾತ್ರ ಮನಸ್ಸಿನಿಂದ ಹೋಗಿಲ್ಲ: ‘ಭಾನುವಾರ ಬೆಳಿಗ್ಗೆ ಏನು ಮಾಡಬೇಕು ಅಂತಲೇ ಗೊತ್ತಾಗಲ್ಲ ಮೇಷ್ಟ್ರೇ. ಅಡುಗೆ ಬೇಗ ಮುಗಿದುಬಿಡುತ್ತೆ.’

ಸಭೆಯಿಂದ ದೂರವಾದವರನ್ನು ಕಂಡಾಗ ಉಳಿದವರು ಸಾಮಾನ್ಯವಾಗಿ ಎರಡೇ ಎಣಿಸುತ್ತಾರೆ. ಒಂದೋ ಇವರು ನಂಬಿಕೆ ಕಳೆದುಕೊಂಡರು, ಇಲ್ಲವೇ ಇವತ್ತಲ್ಲ ನಾಳೆ ತಪ್ಪೊಪ್ಪಿಕೊಂಡು ಬರುತ್ತಾರೆ. ಎರಡೂ ಆಗದೆ, ಹೊರಗೇ ಇದ್ದು ನಂಬಿಕೆಯನ್ನೂ ಬಿಡದೆ ಬದುಕುವವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಅಂಥದೊಂದು ಮನೆತನದ ಕಥೆ ನಮ್ಮ ಹೊಳೆಯ ಮೂಲದಲ್ಲೇ ಇದೆ. ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ, ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಒಂದು ಶೃಂಗೇರಿ, ತೀರ್ಥಹಳ್ಳಿ ದಾಟಿ ನಮ್ಮಲ್ಲಿಗೆ ಬರುತ್ತದೆ, ಇನ್ನೊಂದು ಕಳಸ, ಲಕ್ಕವಳ್ಳಿಯ ದಾರಿ ಹಿಡಿಯುತ್ತದೆ. ಕೂಡಲಿಯಲ್ಲಿ ಮತ್ತೆ ಸೇರುತ್ತವೆ. ಆ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಹುಟ್ಟಿದ ಹೆಣ್ಣುಮಗು ಪಂಡಿತಾ ರಮಾಬಾಯಿ.

ಕಾಡಿನಲ್ಲಿ ಯಾಕೆ ಹುಟ್ಟಿದಳು ಎಂಬಲ್ಲಿಂದಲೇ ಈ ಕಥೆ ಹಿಡಿಯಬೇಕು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಎಳೆಯ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದರು. ಹೆಂಗಸಿಗೆ ದೇವಭಾಷೆ ಕಲಿಸುವುದೇ ಎಂದು ಊರು ಎದ್ದಿತು. ಉಡುಪಿಯಲ್ಲಿ ಗುರುಗಳು ಮತ್ತು ನೂರಾರು ವಿದ್ವಾಂಸರ ಮುಂದೆ ನಿಂತು ಸಮಾಧಾನ ಹೇಳಬೇಕಾಯಿತು. ಶಾಸ್ತ್ರಿಗಳು ಶಾಸ್ತ್ರವನ್ನೇ ಮುಂದಿಟ್ಟರು. ಗ್ರಂಥ ಗ್ರಂಥದಿಂದ ಆಧಾರ ತೆಗೆದು ತೋರಿಸಿದರು. ಅವರ ವಾದವನ್ನು ತಳ್ಳಿಹಾಕಲಾಗಲಿಲ್ಲ. ಆದರೂ ಗೆದ್ದ ಊರಿನಲ್ಲಿ ಅವರು ನೆಮ್ಮದಿಯಾಗಿ ನೆಲೆಸಲಿಲ್ಲ. ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಹೆಂಡತಿಗೂ ಶಿಷ್ಯರಿಗೂ ಪಾಠ ಹೇಳಿದರು. ಲಕ್ಷ್ಮೀಬಾಯಿಯೂ ಗಂಡುಹುಡುಗರಿಗೆ ಪಾಠ ಹೇಳುವಷ್ಟು ಕಲಿತರು. ಬಂದ ಯಾತ್ರಿಕರಿಗೆಲ್ಲ ಊಟ ಹಾಕಿ ಆಸ್ತಿ ಕರಗಿತು. ಮಗು ರಮೆಗೆ ಆರು ತಿಂಗಳಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟ ಇಳಿದರು. ಮುಂದಿನ ವರ್ಷಗಳೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ನಡೆದದ್ದೇ.

ಈ ಮನೆತನ ದೇವರನ್ನು ಬಿಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತಮ್ಮವರ ಜತೆ ಸರಿಬರದೆ ಹೊರನಡೆದ ಅನಂತಶಾಸ್ತ್ರಿಗಳ ವ್ರತ, ಜಪ, ಪಾರಾಯಣ ಒಂದೂ ತಪ್ಪಲಿಲ್ಲ. ತಪ್ಪಿದ್ದು ಬೇರೆ. 1874ರ ಬರಗಾಲದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ತಾಯಿಯ ಚಟ್ಟ ಹೊರಲು ಜನ ಸಿಗಲಿಲ್ಲ. ಪರಊರು, ಹರಕು ಬಟ್ಟೆ, ಇವರು ಬ್ರಾಹ್ಮಣರೋ ಅಲ್ಲವೋ ಎಂಬ ಅನುಮಾನ. ಕೊನೆಗೆ ಇಬ್ಬರು ಬಂದರು. ಮೂರನೆಯ ಹೆಗಲು ಅಣ್ಣ ಶ್ರೀನಿವಾಸನದು. ನಾಲ್ಕನೆಯದು ಹದಿನಾರು ವರ್ಷದ ರಮೆಯದು. ಅವಳು ಗಿಡ್ಡ, ಹೆಗಲಿಗೆ ಎತ್ತರ ಸಾಲದು. ಹಾಗಾಗಿ ತಾಯಿಯನ್ನು ತಲೆಯ ಮೇಲೆ ಹೊತ್ತು ನಡೆದಳು.

ಸಮುದಾಯ ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಚಿತ್ರ ತೋರಿಸುತ್ತೇನೆ. ದೇವರನ್ನು ಒಬ್ಬರೇ ನಂಬಬಹುದು, ಹೆಣವನ್ನು ಒಬ್ಬರೇ ಹೊರಲಾಗುವುದಿಲ್ಲ. ಮೂರನೆಯ ಮನೆಯ ಅಜ್ಜಿ ರಾತ್ರಿಯ ಪ್ರಾರ್ಥನೆಯಲ್ಲಿ ತನ್ನ ಕಾಯಿಲೆ ವಾಸಿಯಾಗಲೆಂದು ಕೇಳುವುದಿಲ್ಲವಂತೆ. ನಾನು ಸತ್ತಾಗ ಬಂದು ನಾಲ್ಕು ಮಾತು ಪ್ರಾರ್ಥನೆ ಮಾಡುವವರು ಯಾರು, ಮಣ್ಣು ಎಲ್ಲಿ ಎಂದು ಮಗನನ್ನು ಕೇಳುತ್ತಾರಂತೆ. ಮಗಳ ಮದುವೆಯ ಮಾತು ಬಂದರೆ ಗಂಡಿನ ಕಡೆಯವರು ಮೊದಲು ವಿಚಾರಿಸುವುದೇ ಯಾವ ಸಭೆ, ಸಭೆಯಿಂದ ಪತ್ರ ತರುತ್ತೀರಾ ಎಂದು. ನಂಬಿಕೆ ಮನೆಯೊಳಗೇ ಉಳಿಯುತ್ತದೆ, ನಿಜ. ಮದುವೆಗೂ ಮಣ್ಣಿಗೂ ಮಾತ್ರ ಹೊರಗಿನ ಜನ ಬೇಕು. ಹೊರಗೆ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆ ಶಿಕ್ಷೆಗೆ ಅಷ್ಟು ಬಲ.

ರಮಾಬಾಯಿಗೆ ಮರಳುತ್ತೇನೆ. 1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಆಕೆಯ ಸಂಸ್ಕೃತ ಕೇಳಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ವಕೀಲ ಬಿಪಿನ್ ಬಿಹಾರಿ ಮೇಧ್ವಿಯೊಂದಿಗೆ ಮದುವೆಯಾಯಿತು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು, ಮರುವರ್ಷವೇ ಗಂಡ ಕಾಲರಾಕ್ಕೆ ತುತ್ತಾದ. ಇಪ್ಪತ್ತನಾಲ್ಕು ತುಂಬದ ವಿಧವೆ, ಕೈಯಲ್ಲಿ ಕೂಸು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಅದೇ ವರ್ಷ ಸೆಪ್ಟೆಂಬರ್ 29ರಂದು ತಾಯಿ ಮಗಳು ಇಬ್ಬರಿಗೂ ಅಲ್ಲೇ ದೀಕ್ಷಾಸ್ನಾನವಾಯಿತು. ದಾರಿ ತೋರಿದವರಲ್ಲಿ ನೆಹೆಮಿಯಾ ಗೋರೆ ಒಬ್ಬರು. ಅವರೂ ಮೊದಲು ನೀಲಕಂಠಶಾಸ್ತ್ರಿ ಗೋರೆ ಎಂಬ ಬ್ರಾಹ್ಮಣ ಪಂಡಿತರೇ.

ಜಗಳ ಬೇಗನೆ ಶುರುವಾಯಿತು. ಕ್ರಿಸ್ತನನ್ನು ಒಪ್ಪಿದ ರಮಾಬಾಯಿ ತ್ರಿಯೇಕತ್ವವನ್ನು ಒಪ್ಪಲಿಲ್ಲ. ಸಭೆ ಬರೆದಿಟ್ಟ ವಿಶ್ವಾಸಪ್ರಮಾಣಕ್ಕೆ ಬೈಬಲ್ಲಿನಲ್ಲಿ ಆಧಾರ ತೋರಿಸಿ ಎಂದು ಪಟ್ಟು ಹಿಡಿದರು. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ತಿಂಡಿಯನ್ನೂ ಒಲ್ಲೆ ಎಂದರು. ಮನೋರಮೆಯ ವಿಷಯದಲ್ಲಿ ಮಠದ ಸಿಸ್ಟರ್ ಜೆರಾಲ್ಡಿನ್ ಜತೆಗೂ ಜಗಳವಾಯಿತು. ಮಗುವಿಗೆ ಯಾವ ಉಪದೇಶ ಕೊಡಬೇಕೆಂಬುದನ್ನು ಸಭೆ ನಿರ್ಧರಿಸುತ್ತದೆ ಎಂಬುದು ಅವರ ನಿಲುವು. ತಾಯಿ ನಾನು, ನನ್ನ ಆತ್ಮಸಾಕ್ಷಿಗೆ ಒಪ್ಪದ್ದನ್ನು ನನ್ನ ಮಗಳಿಗೆ ಕಲಿಸಕೂಡದು ಎಂಬುದು ಇವರದು. ಕಷ್ಟಪಟ್ಟು ಒಂದು ಪುರೋಹಿತವರ್ಗದ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಎಂಬ ಅರ್ಥದಲ್ಲಿ ನೇರವಾಗಿಯೇ ಬರೆದರು.

ನನ್ನನ್ನು ಹೆಚ್ಚು ಕಲಕುವುದು ಇನ್ನೊಂದು ಸಂಗತಿ. ಚೆಲ್ಟನ್‌ಹ್ಯಾಮ್‌ನ ಹೆಣ್ಣುಮಕ್ಕಳ ಕಾಲೇಜಿನಲ್ಲಿದ್ದಾಗ ರಮಾಬಾಯಿ ಗಂಡಸರಿಗೂ ಪಾಠ ಹೇಳುವ ಪ್ರಸ್ತಾಪ ಬಂತು. ಬೊಂಬಾಯಿಯ ಬಿಷಪ್ಪರೂ ಲಾಹೋರಿನ ಬಿಷಪ್ಪರೂ ಬೇಡವೆಂದರು. ಭಾರತದಲ್ಲಿ ಆಕೆಯ ಮರ್ಯಾದೆಗೆ ಕುಂದು ಬರುತ್ತದೆ ಎಂದರು. ಆಕೆಗೆ ಆಶ್ಚರ್ಯವಾಯಿತು. ತನ್ನ ತಾಯಿ ಗಂಡುಶಿಷ್ಯರಿಗೆ ಪಾಠ ಹೇಳಿದಾಗ ತಂದೆ ತಡೆಯಲಿಲ್ಲ, ತಾನು ಹೇಳಿದಾಗ ಗಂಡ ತಡೆಯಲಿಲ್ಲ, ಈಗ ಇಂಗ್ಲೆಂಡಿನವರು ತಡೆಯುತ್ತಿದ್ದಾರಲ್ಲ ಎಂದು ಬರೆದರು. ಉಡುಪಿಯಲ್ಲಿ ತಂದೆಯ ಮುಂದೆ ಬಂದ ಪ್ರಶ್ನೆ ಸಮುದ್ರ ದಾಟಿ ಮಗಳನ್ನು ಹಿಂಬಾಲಿಸಿತ್ತು. ಧರ್ಮ ಬೇರೆ, ಭಾಷೆ ಬೇರೆ, ಪ್ರಶ್ನೆ ಅದೇ.

ಪ್ರಶ್ನಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಉಡುತಡಿಯಿಂದ ಹೋದ ಅಕ್ಕಮಹಾದೇವಿಯನ್ನು ಕಲ್ಯಾಣದಲ್ಲಿ ನಿಲ್ಲಿಸಿ ಕೇಳಿದವನು ನಮ್ಮ ಜಿಲ್ಲೆಯದೇ ಬಳ್ಳಿಗಾವಿಯ ಅಲ್ಲಮ ಎಂದು ಶೂನ್ಯಸಂಪಾದನೆ ಕಾಣಿಸುತ್ತದೆ. ಕೇಳಿದ ಪ್ರಶ್ನೆಗಳು ಬಹಳ ಕಟುವಾದವು. ಆದರೆ ಉತ್ತರ ಕೇಳಿಸಿಕೊಳ್ಳುವ ಕಿವಿ ಅಲ್ಲಿತ್ತು. ಕೇಳಿ ಮುಗಿದ ಮೇಲೆ ಶರಣರು ಆಕೆಯನ್ನು ಅಕ್ಕ ಎಂದು ಒಪ್ಪಿಕೊಂಡರು. ಪ್ರಶ್ನೆ ಕೇಳಿ ಬಾಗಿಲು ಹಾಕಿಕೊಳ್ಳುವುದು ಬೇರೆ ರೀತಿಯದು.

ವಾಂಟೇಜಿನ ಮಠದಿಂದ ರಮಾಬಾಯಿ ದೂರವಾದರು, ಕ್ರಿಸ್ತನಿಂದ ಆಗಲಿಲ್ಲ. ಯಾವೊಂದು ಪಂಗಡಕ್ಕೂ ತನ್ನನ್ನು ಕಟ್ಟಿಕೊಳ್ಳದೆ 1889ರ ಮಾರ್ಚ್ 11ರಂದು ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಮತಬೋಧನೆ ಇಲ್ಲ ಎಂಬುದು ಒಪ್ಪಂದ, ಅದರಂತೆ ಪಾಠದ ಕೋಣೆಯಲ್ಲಿ ಅವರು ಬೈಬಲ್ ಬೋಧಿಸಲಿಲ್ಲ. ಇದಕ್ಕಾಗಿ ಮಿಷನರಿಗಳು ಆಕೆಯನ್ನು ಆಕ್ಷೇಪಿಸಿದರು. ಆದರೆ ಬೆಳಗಿನ ಹೊತ್ತು ತಮ್ಮ ಸ್ವಂತ ಕೋಣೆಯಲ್ಲಿ ಮಗಳನ್ನು ಕೂರಿಸಿಕೊಂಡು ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಪುಣೆಯಲ್ಲಿ ಕೋಲಾಹಲವಾಯಿತು, ತಿಲಕರ ‘ಕೇಸರಿ’ ಕಿಡಿಕಾರಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೇ ಸಲಹಾ ಸಮಿತಿ ಬಿಟ್ಟು ಹೊರನಡೆದರು. ಆ ಕೋಣೆಯ ಬಾಗಿಲು ಹಾಕಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅವರು ಹಾಕಲಿಲ್ಲ. ಗಂಗಾಮೂಲದಲ್ಲಿ ಬಂದವರಿಗೆಲ್ಲ ಮನೆ ತೆರೆದಿಟ್ಟು ಬಡವನಾದ ತಂದೆಯ ಮಗಳು ಆಕೆ.

ಹಾಗೆ ನೋಡಿದರೆ ವರ್ಷಗಟ್ಟಲೆ ಆ ಮನೆಯ ಸಭೆ ಎಂದರೆ ತಾಯಿ ಮಗಳು ಇಬ್ಬರೇ. ಮುಂದೆ ಬರಗಾಲದ ಊರುಗಳಿಂದ ಕರೆತಂದ ನೂರಾರು ಹೆಣ್ಣುಮಕ್ಕಳೊಂದಿಗೆ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. ಅದೂ ಯಾವ ಪಂಗಡದ ಅಧೀನವೂ ಅಲ್ಲ. ಮನೋರಮಾ ಓದಿ ಬಂದು ತಾಯಿಗೆ ಹೆಗಲಾದರು. ನಮ್ಮ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ವಿದ್ಯೆಗಾಗಿಯೂ ದುಡಿದರು. ರಮಾಬಾಯಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಸರಳ ಮರಾಠಿಗೆ ತಂದರು. ಮುಕ್ತಿಯ ಹೆಣ್ಣುಮಕ್ಕಳೇ ಅದರ ಮೊಳೆ ಜೋಡಿಸಿದರು. 1921ರ ಜುಲೈಯಲ್ಲಿ ನಲವತ್ತರ ಮಗಳು ಹೋದಳು. 1922ರ ಏಪ್ರಿಲ್ 5ರಂದು ತಾಯಿ.

ಆ ಸಿಸ್ಟರ್ ಜೆರಾಲ್ಡಿನ್ ಏನಾದರು? ಇದನ್ನು ಹೇಳಲೆಂದೇ ಇಷ್ಟು ದೂರ ಬಂದೆ. ರಮಾಬಾಯಿ ಅವರನ್ನು ಕರೆಯುತ್ತಿದ್ದದ್ದು ‘ಆಜೀಬಾಯಿ’ ಎಂದು, ಅಂದರೆ ಅಜ್ಜಿ. ತ್ರಿಯೇಕತ್ವದ ಬಗ್ಗೆ, ಮಗಳ ಬಗ್ಗೆ, ಬಿಷಪ್ಪರ ಬಗ್ಗೆ ಕಾವೇರಿದ ಪತ್ರ ಬರೆಯುವಾಗಲೂ ಆ ಸಂಬೋಧನೆ ಬಿಡಲಿಲ್ಲ. ಜೆರಾಲ್ಡಿನ್ ಕೂಡ ಮನಸ್ಸು ನೋಯಿಸಿಕೊಂಡರು, ಅವಿಧೇಯಳೆಂದು ಬೈದರು, ಆದರೆ ಮನೋರಮೆಯ ಕೈ ಬಿಡಲಿಲ್ಲ. ರಮಾಬಾಯಿ ತನ್ನನ್ನೂ ತನ್ನ ಸಭೆಯನ್ನೂ ಎದುರಿಸಿ ಬರೆದ ಪತ್ರಗಳನ್ನೆಲ್ಲ ಹರಿದು ಹಾಕದೆ ಒಪ್ಪವಾಗಿ ಜೋಡಿಸಿಟ್ಟರು. ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ 1977ರಲ್ಲಿ ಅವು ಅಚ್ಚಾದವು. ರಮಾಬಾಯಿಯ ದನಿ ಇಷ್ಟು ಸ್ಪಷ್ಟವಾಗಿ ನಮಗೆ ಕೇಳುತ್ತಿದ್ದರೆ ಅದಕ್ಕೆ ಕಾರಣ, ಆ ದನಿಯನ್ನು ಒಪ್ಪದಿದ್ದ ಹೆಂಗಸು ಅದನ್ನು ಜೋಪಾನ ಮಾಡಿದ್ದು.

ಮೂರನೆಯ ಮನೆಯವರು ಹೋದ ಕ್ರಿಸ್ಮಸ್ಸಿಗೂ ನಮಗೆ ಕರ್ಜಿಕಾಯಿ, ಕೇಕು ಕೊಟ್ಟು ಹೋದರು. ಅದರ ಹಿಂದಿನ ವಾರ ರಾತ್ರಿ ಹತ್ತರ ಮೇಲೆ ಕ್ಯಾರಲ್ ಹಾಡುವವರು ಗಿಟಾರು, ತಮಟೆ ಹಿಡಿದು ನಮ್ಮ ಬೀದಿಗೆ ಬಂದಿದ್ದರು. ಕೊನೆಯ ಮನೆಯ ಮುಂದೆ ಹಾಡಿದರು. ಮೂರನೆಯ ಮನೆಯ ಮುಂದೆ ಬಂದಾಗ ಹಾಡು ನಿಂತಿತು, ಮೆಲ್ಲಗೆ ದಾಟಿ ಹೋದರು. ಆ ಮನೆಯ ವರಾಂಡದಲ್ಲಿ ನಕ್ಷತ್ರದ ದೀಪ ಉರಿಯುತ್ತಿತ್ತು, ಅಜ್ಜಿ ಶಾಲು ಹೊದ್ದು ಬಾಗಿಲಲ್ಲೇ ಕೂತಿದ್ದರು. ಆ ತಂಡದ ಹುಡುಗ ಹುಡುಗಿಯರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಲೆಕ್ಕದ ಪುಸ್ತಕದ ವಿಷಯ ದೊಡ್ಡವರು ನೋಡಿಕೊಳ್ಳಲಿ. ಈ ಸಲ ಡಿಸೆಂಬರಿನಲ್ಲಿ ಆ ಗೇಟಿನ ಮುಂದೆಯೂ ನಿಂತು ಒಂದು ಹಾಡು ಹೇಳಿ. ಅವರಿಗೆ ಎಲ್ಲ ಹಾಡೂ ಬರುತ್ತದೆ, ಒಳಗಿನಿಂದ ದನಿ ಸೇರಿಸುತ್ತಾರೆ.