ತೇರದಾಳದ ನೆರಳು, ಡಾಂಗ್‌ನ ಬೆಳಗು

ರೇಖಾಂಶ ಮತ್ತು ವೇಳೆಯ ಪಾಠಕ್ಕೆ ನಮ್ಮಲ್ಲಿ ಒಂದು ಸಿದ್ಧ ಲೆಕ್ಕವಿದೆ: ಗ್ರೀನಿಚ್‌ನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಭಾರತದಲ್ಲಿ ಎಷ್ಟು ಗಂಟೆ? ಮಕ್ಕಳು 82½ನ್ನು ನಾಲ್ಕರಿಂದ ಗುಣಿಸಿ ಸಂಜೆ 5.30 ಎಂದು ಬರೆಯುತ್ತಾರೆ, ನಾವು ಸರಿ ಗುರುತು ಹಾಕುತ್ತೇವೆ. ಉತ್ತರವೇನೋ ಸರಿ. ಆದರೆ ಆ ಮಗುವಿಗೆ ಗ್ರೀನಿಚ್ ಎಂದರೆ ಬರೀ ಒಂದು ಹೆಸರು. ಬೋಧನಾಭ್ಯಾಸಕ್ಕೆ ಹೋಗುವ ನಾವು ಈ ಪಾಠವನ್ನು ತೇರದಾಳದಿಂದ ಆರಂಭಿಸಿ, ಜೊತೆಗೆ ಅರುಣಾಚಲ ಪ್ರದೇಶದ ಡಾಂಗ್ ಹಳ್ಳಿಯನ್ನು ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ತೇರದಾಳ ಸುಮಾರು 75° ಪೂರ್ವ ರೇಖಾಂಶದಲ್ಲಿದೆ, ಡಾಂಗ್ ಸುಮಾರು 97°ಯಲ್ಲಿದೆ. ಅಂತರ 22 ಡಿಗ್ರಿ, ಅಂದರೆ 88 ನಿಮಿಷ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಡಿಸೆಂಬರ್ ಕೊನೆಗೆ ಡಾಂಗ್‌ನಲ್ಲಿ ಸಂಜೆ ನಾಲ್ಕೂಕಾಲರ ಸುಮಾರಿಗೆ ಹೊತ್ತು ಮುಳುಗುತ್ತದೆ, ನಮ್ಮಲ್ಲಿ ಆರು ದಾಟುತ್ತದೆ. ಚುರುಕಾದ ಹುಡುಗಿಯೊಬ್ಬಳು ಎದ್ದು ‘ಸರ್, ಇದು 88 ನಿಮಿಷಕ್ಕಿಂತ ಜಾಸ್ತಿ ಆಯ್ತಲ್ಲ?’ ಎಂದು ಕೇಳಲಿ. ಡಾಂಗ್ ನಮಗಿಂತ ಉತ್ತರಕ್ಕಿದೆ, ಚಳಿಗಾಲದಲ್ಲಿ ಅಲ್ಲಿ ಹಗಲೇ ಚಿಕ್ಕದು. ಅಕ್ಷಾಂಶದ ಪಾಠವೂ ಅಲ್ಲೇ ಶುರುವಾಗುತ್ತದೆ.

ಒಂದೇ ವೇಳೆ ಎಂಬ ಈ ಏರ್ಪಾಡು ಅಷ್ಟು ಹಳೆಯದೂ ಅಲ್ಲ. ಭಾರತದ ಆದರ್ಶ ವೇಳೆ ಬಂದದ್ದು 1906ರಲ್ಲಿ. ಮುಂಬಯಿ 39 ನಿಮಿಷ ಹಿಂದಿನ ತನ್ನ ವೇಳೆಯನ್ನು 1955ರವರೆಗೂ ಬಿಡಲಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ಒಂದು ಗಂಟೆ ಮುಂದಿರುವ ‘ಬಾಗಾನ್ ಟೈಮ್’ ರೂಢಿಯಲ್ಲಿದೆ. ಈಶಾನ್ಯಕ್ಕೆ ಬೇರೆ ವೇಳೆ ಕೊಡಬಹುದೆಂದು ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು 2018ರಲ್ಲಿ ಬರೆದರು. ಸರಕಾರ ಒಪ್ಪಲಿಲ್ಲ.

ಇದು ಈಶಾನ್ಯದವರ ತೊಂದರೆ, ನಮಗೇನು ಎನ್ನಬಹುದು. ನಮಗೂ ಇದೆ. ಮೌಲಿಕ್ ಜಗ್ನಾನಿ ಎಂಬ ಅರ್ಥಶಾಸ್ತ್ರಜ್ಞರು ಭಾರತದ ಮಕ್ಕಳ ನಿದ್ದೆಯನ್ನು ಅಧ್ಯಯನ ಮಾಡಿದ್ದಾರೆ. ಸೂರ್ಯ ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆಯ ಗಂಟೆ ಮಾತ್ರ ತಡವಾಗುವುದಿಲ್ಲ. ಹೀಗೆ ಕಳೆದ ನಿದ್ದೆ ಓದಿಗೂ ಪೆಟ್ಟು ಕೊಡುತ್ತದೆ, ಬಡ ಮನೆಗಳಲ್ಲಿ ಹೆಚ್ಚು ಎಂದು ಅವರು ಕಂಡುಕೊಂಡರು. ನಾವಿರುವುದು ದೇಶದ ಪಶ್ಚಿಮದ ಕಡೆಗೇ. ಇದರ ಮೇಲೆ ರಬಕವಿ-ಬನಹಟ್ಟಿ ಕಡೆಯ ಮಗ್ಗದ ಸದ್ದು, ರಾತ್ರಿ ಕರೆಂಟ್ ಬಂದಾಗ ಕಬ್ಬಿಗೆ ನೀರು ಹಾಯಿಸಲು ಎದ್ದು ಹೋಗುವ ಅಪ್ಪ. ಮೊದಲ ಪಿರಿಯಡ್‌ನಲ್ಲಿ ತೂಕಡಿಸುವ ಹುಡುಗನನ್ನು ‘ಸೋಮಾರಿ’ ಎಂದು ಅವಲೋಕನ ಪುಸ್ತಕದಲ್ಲಿ ಬರೆಯುವ ಮುನ್ನ ಅವನು ಎಷ್ಟಕ್ಕೆ ಮಲಗಿದ ಎಂದು ಕೇಳಿದರೆ ತಪ್ಪೇನಿಲ್ಲ.

ಪಾಠೋಪಕರಣಕ್ಕೆ ಗೋಳ ಸಿಗದಿದ್ದರೆ ಚಿಂತೆ ಬೇಡ, ಒಂದು ನೆಟ್ಟನೆಯ ಕೋಲು ಸಾಕು. ಅಂಗಳದಲ್ಲಿ ನಿಲ್ಲಿಸಿ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿ. ತೇರದಾಳದಲ್ಲಿ ಅತಿ ಗಿಡ್ಡ ನೆರಳು ಹನ್ನೆರಡಕ್ಕೆ ಬೀಳುವುದಿಲ್ಲ, ಸರಾಸರಿ ಹನ್ನೆರಡೂವರೆಗೆ ಬೀಳುತ್ತದೆ. ಡಾಂಗ್‌ನಲ್ಲಿ ಅದು ಹನ್ನೊಂದರ ಸುಮಾರಿಗೆ. ಸರಾಸರಿ ಎಂದದ್ದಕ್ಕೆ ಕಾರಣವಿದೆ: ಭೂಮಿಯ ಅಕ್ಷ ವಾಲಿದೆ, ಅದು ಸುತ್ತುವ ದಾರಿಯೂ ಪೂರ್ತಿ ವೃತ್ತವಲ್ಲ. ಹಾಗಾಗಿ ನವೆಂಬರ್ ಆರಂಭದಲ್ಲಿ ನಮ್ಮ ನಡುಹಗಲು 12.14ಕ್ಕೇ ಬಂದರೆ, ಫೆಬ್ರುವರಿ ನಡುವೆ 12.44ಕ್ಕೆ ಜಾರುತ್ತದೆ. ಇದು ತಿಳಿಯದೆ ಹೋದರೆ ಮಕ್ಕಳ ಸರಿಯಾದ ಅಳತೆಯನ್ನೇ ನಾವು ತಪ್ಪು ಎಂದುಬಿಡುತ್ತೇವೆ.

ಪಠ್ಯಕ್ರಮ ಮುಗಿಸಬೇಕಲ್ಲ ಎಂಬ ಮಾತು ಬರುತ್ತದೆ. ಪರೀಕ್ಷೆಯಲ್ಲಿ ಗ್ರೀನಿಚ್ ಲೆಕ್ಕವೇ ಬರಲಿ, ಸೂತ್ರ ಎರಡಕ್ಕೂ ಒಂದೇ. ತೊಡಕಿರುವುದು ವೇಳಾಪಟ್ಟಿಯಲ್ಲಿ: ನಲವತ್ತು ನಿಮಿಷದ ಪಿರಿಯಡ್‌ಗೆ ಈ ನೆರಳು ಪೂರ್ತಿ ಸಿಗುವುದಿಲ್ಲ. ಹನ್ನೆರಡರಿಂದ ಒಂದರವರೆಗೆ ಬಿಸಿಲು ಬೇಕು. ಶಾಲೆಗೆ ಹೋದ ಮೊದಲ ದಿನವೇ ಮುಖ್ಯಗುರುಗಳನ್ನು ಕಂಡು, ಆ ಹೊತ್ತಿನ ಎರಡು ಪಿರಿಯಡ್‌ಗಳನ್ನು ಒಟ್ಟಿಗೆ ಕೇಳಿಕೊಳ್ಳಿ.