ಅಂಗಿ ಕಳಚುವ ವೀರರು

ಕುಂಗ್‌ಫೂ ಚಿತ್ರಗಳ ನಾಯಕರು ಹೊಡೆದಾಟಕ್ಕೆ ಮುಂಚೆ ಅಂಗಿ ಕಳಚುವುದೇಕೆ? ತೊಟ್ಟ ಅಂಗಿಯಲ್ಲಿಯೇ ಹೊಡೆಯಬಹುದಲ್ಲ! ಇದೆಲ್ಲ ಬರಿಯ ಅಂಗಪ್ರದರ್ಶನ, ಗಂಡಸರ ಒಯ್ಯಾರ ಎಂದು ನಮ್ಮ ಹಿರಿಯರು ಮೂಗು ಮುರಿಯುತ್ತಾರೆ. ಅವರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಬ್ರೂಸ್ ಲೀಯನ್ನೇ ನೋಡಿ. 1972ರ ‘ಫಿಸ್ಟ್ ಆಫ್ ಫ್ಯೂರಿ’ಯ ಕಥೆ ನಡೆಯುವುದು ಪರಕೀಯರ ದರ್ಪದಡಿ ನಲುಗಿದ್ದ ಶಾಂಘೈ ನಗರದಲ್ಲಿ. ಗುರುವನ್ನು ಕಳೆದುಕೊಂಡು ಶೋಕದಲ್ಲಿರುವ ಚೀನೀ ಗರಡಿಗೆ ಜಪಾನೀಯರ ಕಡೆಯವರು ಬಂದು, ‘ಪೂರ್ವ ಏಷ್ಯದ ರೋಗಿಷ್ಠರು’ ಎಂದು ಬರೆದ ಫಲಕವೊಂದನ್ನು ಕೊಟ್ಟು ಹೋಗುತ್ತಾರೆ. ಶಿಷ್ಯನು ಅದನ್ನು ಹೊತ್ತು ಅವರ ಅಖಾಡಕ್ಕೇ ನಡೆದು, ಒಬ್ಬನೇ ಎಲ್ಲರನ್ನೂ ಬಡಿದು, ಆ ಬರಹದ ಕಾಗದವನ್ನು ತಂದವರಿಗೇ ತಿನ್ನಿಸುತ್ತಾನೆ. ರೋಗಿಷ್ಠರೆನಿಸಿಕೊಂಡ ಜನರಲ್ಲೊಬ್ಬನ ಬರಿಮೈ ಆ ಫಲಕಕ್ಕೆ ಸಂದ ಉತ್ತರ. ಅದನ್ನು ಒಯ್ಯಾರವೆನ್ನಲು ನನಗೆ ಮನಸ್ಸು ಬಾರದು. ಆ ಮೈಯಾದರೂ ಎಂಥದು? ಗಾತ್ರದಲ್ಲಿ ದೊಡ್ಡದೇನಲ್ಲ, ಹುರಿಗೊಳಿಸಿದ ಹಗ್ಗದಂಥದು. ಅದೇ ವರ್ಷ ಲೀ ತಾನೇ ನಿರ್ದೇಶಿಸಿದ ‘ದಿ ವೇ ಆಫ್ ದಿ ಡ್ರ್ಯಾಗನ್’ನಲ್ಲಿ ಅವನೂ ಚಕ್ ನಾರಿಸನೂ ರೋಮಿನ ಕೊಲೋಸಿಯಮ್‌ನಲ್ಲಿ ಎದುರುಬದುರಾಗುತ್ತಾರೆ. ಇಬ್ಬರೂ ಧಾರಾಳವಾಗಿಯೇ ಮೈ ತೋರಿಸುತ್ತಾರೆ, ಕೀಲುಗಳನ್ನು ಲಟಲಟನೆ ಮುರಿಯುತ್ತಾರೆ, ನಿಜ. ಆದರೆ ಎದುರಾಳಿ ಸತ್ತ ಮೇಲೆ ಲೀ ಅವನ ಅಂಗಿಯನ್ನೂ ನಡುಪಟ್ಟಿಯನ್ನೂ ತಂದು ಅವನ ಮೇಲೆ ಹೊದಿಸುತ್ತಾನೆ.

ಜಾಕಿ ಚಾನ್ 1978ರ ‘ಡ್ರಂಕನ್ ಮಾಸ್ಟರ್’ನಲ್ಲಿ ತಲೆಕೆಳಗಾಗಿ ತೂಗಾಡುತ್ತ, ಕೆಳಗಿನ ನೀರನ್ನು ಪುಟ್ಟ ಬಟ್ಟಲುಗಳಲ್ಲಿ ಮೊಗೆದು ಮೇಲಿನ ಪಾತ್ರೆಗೆ ತುಂಬುತ್ತಾನೆ. ಮೈ ಎಲ್ಲಿಂದ ಬಂತೆಂಬುದು ಪ್ರೇಕ್ಷಕನಿಗೆ ತಿಳಿಯುತ್ತದೆ.

ಹಿರಿಯರ ಮಾತು ಸಲ್ಲುವುದು ಇವರನ್ನು ಅನುಕರಿಸುವವರಿಗೆ. ಅಲ್ಲಿ ಅವಮಾನವೂ ಇಲ್ಲ, ಬೆವರೂ ಇಲ್ಲ. ಎಣ್ಣೆ ಸವರಿದ ಮಾಂಸಖಂಡಗಳುಂಟು, ಅವುಗಳ ಮೇಲೆ ದೀಪದ ಬೆಳಕುಂಟು. ಅದನ್ನು ಕಂಡು ನಮ್ಮ ಹಾಸ್ಟೆಲಿನ ಗೆಳೆಯರು ಊರಿನಿಂದ ಬಂದ ಹಣದಲ್ಲಿ ಪ್ರೋಟೀನ್ ಪುಡಿ ಕೊಳ್ಳುತ್ತಾರೆ, ಕನ್ನಡಿಯ ಮುಂದೆ ತೋಳು ಮಡಿಸುತ್ತಾರೆ.

ನಮ್ಮ ತಂದೆಯವರು ಮಂಡಿಯಲ್ಲಿ ಹಮಾಲಿ ಮಾಡುವವರು. ಅವರ ಬೆನ್ನು ಯಾವ ನಟನ ಬೆನ್ನಿಗೂ ಕಡಮೆಯದಲ್ಲ. ಅದನ್ನು ಕಂಡು ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕಾಣೆ. ಮೂಟೆ ಇಳಿಸಿ ಪೇಟೆಯ ಬೀದಿಗೆ ಬರುವಾಗ ಅವರು ಮೊದಲು ಅಂಗಿ ತೊಡುತ್ತಾರೆ. ನನ್ನನ್ನು ನೋಡಲು ಕಾಲೇಜಿಗೆ ಬಂದಾಗಲಂತೂ ಕತ್ತಿನ ಗುಂಡಿಯನ್ನೂ ಹಾಕಿಕೊಂಡಿರುತ್ತಾರೆ.