ನೂರು ಹೆಸರಿನ ಪಟ್ಟಿ

ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಒಂದು ಖಾಲಿ ನೋಟ್‌ಬುಕ್ಕು. "ನಿಮಗೆ ಗೊತ್ತಿರೋ ನೂರು ಜನರ ಹೆಸರು ಬರೀರಿ ಮೇಡಂ. ಯಾರನ್ನೂ ಬಿಡಬ್ಯಾಡ್ರಿ. ಇದೇ ನಿಮ್ಮ ಬಂಡವಾಳ" ಎಂದರು. ನಾನು ಬರೆದೆ. ತವರಿನವರು, ಓರಗಿತ್ತಿಯರು, ನಾದಿನಿಯ ಅತ್ತೆ ಮನೆಯವರು, ಮಕ್ಕಳ ಶಾಲೆಯ ಟೀಚರು, ಹಾಲು ಹಾಕುವಾಕೆ, ಹಿಂದಿನ ಓಣಿಯ ಅಕ್ಕ. ಅರವತ್ತೆರಡಕ್ಕೆ ನಿಂತೆ. "ಇನ್ನೂ ನೆನಪು ಮಾಡ್ಕೊಳ್ರಿ, ನಿಮ್ಮ ಮದುವಿಗೆ ಬಂದೋರು ಯಾರ‍್ಯಾರು?" ಎಂದು ನಕ್ಕರು. ಮದುವೆಗೆ ಬಂದು ಅಕ್ಷತೆ ಹಾಕಿದವರನ್ನೆಲ್ಲ ಒಂದು ದಿನ ಗಿರಾಕಿಗಳ ಪಟ್ಟಿಗೆ ಸೇರಿಸುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅದು 2012ರ ಮಾತು. ನಮ್ಮ ಗುಡೇಕೋಟೆ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ನಮ್ಮ ಹೆಂಗಸರ ಸ್ಥಿತಿ ಅಷ್ಟೇನೂ ಬದಲಾಗಿಲ್ಲ. ಇಲ್ಲಿ ನಮಗೆ ದುಡಿಮೆಗೆ ಬರವಿಲ್ಲ, ಬರವಿರುವುದು ದುಡ್ಡಿಗೆ. ಶೇಂಗಾ ಕೀಳುವುದರಿಂದ ಹಿಡಿದು ಹುಣಸೆಹಣ್ಣು ಬಡಿದು ಬೀಜ ತೆಗೆಯುವವರೆಗೆ ಕೈಗೆ ಬಿಡುವೆಂಬುದಿಲ್ಲ. ಆದರೆ ಮಗಳಿಗೆ ಒಂದು ಬಳೆ ಕೊಡಿಸಲು ಗಂಡನ ಮುಖ ನೋಡಬೇಕು. ಇಂಥ ಮನೆಗೆ ಯಾರಾದರೂ ಬಂದು "ಮನೆಯಲ್ಲೇ ಕೂತು ತಿಂಗಳಿಗೆ ಇಪ್ಪತ್ತು ಸಾವಿರ" ಎಂದರೆ ಯಾವ ಹೆಣ್ಣು ಕಿವಿಗೊಡುವುದಿಲ್ಲ? ಆಸೆಬುರುಕಿಯರು ಮಾತ್ರ ಇದಕ್ಕೆ ಬಲಿಯಾಗುತ್ತಾರೆಂದು ಹೇಳುವವರಿಗೆ ನನ್ನ ಮೊದಲ ಉತ್ತರ ಇದು: ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಆಸೆಬುರುಕತನವಲ್ಲ, ಸ್ವಂತ ದುಡ್ಡಿನ ಹಸಿವು. ಆ ಹಸಿವು ತಪ್ಪಲ್ಲ.

ಸಿಕ್ಕಿದ್ದನ್ನು ಇಲ್ಲವೆನ್ನಬಾರದು. ಬಳ್ಳಾರಿಯ ಹೋಟೆಲೊಂದರ ಹಾಲಿನಲ್ಲಿ ಮೊದಲ ಬಾರಿಗೆ ಮೈಕು ಹಿಡಿದು ಮಾತಾಡಿದೆ. ನೂರು ಜನ ಚಪ್ಪಾಳೆ ತಟ್ಟಿದರು. ಮನೆಯಲ್ಲಿ "ಏ ಇವಳೇ" ಎನ್ನಿಸಿಕೊಂಡವಳನ್ನು ಅಲ್ಲಿ "ಮೇಡಂ" ಎಂದರು. ಒಬ್ಬಳೇ ಬಸ್ಸು ಹತ್ತಿ ಹೋಗಿ ಬರುವ ಧೈರ್ಯ ಬಂತು, ಬ್ಯಾಂಕಿನ ಚಲನ್ ತುಂಬುವುದು ಬಂತು. ಇವೆಲ್ಲ ನಿಜವಾದ ಗಳಿಕೆಗಳೇ. ನನ್ನ ಸಿಟ್ಟಿರುವುದು ಇಲ್ಲೇ. ಹೆಣ್ಣುಮಗಳಿಗೆ ಮನೆಯೂ ಊರೂ ಪುಕ್ಕಟೆಯಾಗಿ ಕೊಡಬೇಕಾಗಿದ್ದ ಮರ್ಯಾದೆಯನ್ನು ಕೊಡದೇ ಹೋದದ್ದರಿಂದ, ಅದನ್ನು ಬೇರೆ ಯಾರೋ ಪೊಟ್ಟಣ ಕಟ್ಟಿ ಮಾರುವಂತಾಯಿತು.

ಆ ಹಾಲಿನಲ್ಲಿ ನಮ್ಮ ಮೇಲಿನ ಲೀಡರು, "ಒನಕೆ ಓಬವ್ವನ ಊರಿನೋರು ನೀವು, ನಿಮಗೇನು ಹೆದರಿಕೆ?" ಎಂದಿದ್ದರು. ಓಬವ್ವ ಗುಡೇಕೋಟೆಯ ಮಗಳೆಂದು ಹೇಳಿಕೊಳ್ಳುವುದು ನಮಗೆಲ್ಲ ಹೆಮ್ಮೆ. ನಾನೂ ಎದೆಯುಬ್ಬಿಸಿ ಚಪ್ಪಾಳೆ ತಟ್ಟಿದೆ. ಓಬವ್ವ ಹಿಡಿದದ್ದು ಮನೆಯಲ್ಲೇ ಇದ್ದ ಒನಕೆಯನ್ನು, ಅದಕ್ಕಾಗಿ ಆಕೆ ಯಾರಿಗೂ ನಾಲ್ಕೂವರೆ ಸಾವಿರ ರೂಪಾಯಿ ಕಟ್ಟಿರಲಿಲ್ಲ ಎಂಬುದು ಹೊಳೆಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಲೆಕ್ಕವನ್ನು ಅವರು ಹಲಗೆಯ ಮೇಲೆ ಬರೆದೇ ತೋರಿಸಿದ್ದರು. ನೀವು ಆರು ಜನರನ್ನು ಸೇರಿಸಿ. ಆ ಆರು ಜನ ತಲಾ ಆರು ಜನರನ್ನು ಸೇರಿಸಿದರೆ 36. ಮೂರನೆಯ ಸುತ್ತಿಗೆ 216, ನಾಲ್ಕನೆಯದಕ್ಕೆ 1,296. ಅಲ್ಲಿಗೆ ಹಲಗೆ ಒರೆಸಿ ಕಾರಿನ ಚಿತ್ರ ತೋರಿಸಿದರು. ಹಲಗೆ ಒರೆಸದೆ ಮುಂದೆ ಬರೆದಿದ್ದರೆ ಏನಾಗುತ್ತಿತ್ತು, ನೋಡಿ. ಐದನೆಯ ಸುತ್ತಿಗೆ 7,776. ಆರನೆಯದಕ್ಕೆ 46,656. ಹತ್ತನೆಯ ಸುತ್ತಿಗೆ 6,04,66,176. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ತೊಟ್ಟಿಲಿನ ಕೂಸಿನಿಂದ ಹಾಸಿಗೆ ಹಿಡಿದ ಮುದುಕಿಯವರೆಗೆ ಎಲ್ಲರೂ ಶಾಂಪೂ ಮಾರಲು ನಿಂತರೆ ಕೊಳ್ಳುವವರು ಯಾರು?

ಇನ್ನೂ ಒಂದು ಮಾತಿದೆ. ಈ ಏಣಿ ಯಾವ ದಿನ ನಿಂತರೂ, ಅದರಲ್ಲಿರುವ ಆರು ಜನರಲ್ಲಿ ಐವರು ಕೊನೆಯ ಮೆಟ್ಟಿಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಅವರು ಸೋಮಾರಿಗಳೆಂದಲ್ಲ, ಲೆಕ್ಕ ಇರುವುದೇ ಹಾಗೆ. ಆದರೆ ಸಭೆಯಲ್ಲಿ ಹೇಳುತ್ತಿದ್ದುದು ಬೇರೆ: "ಸೋತೋರು ಯಾರೂ ಇಲ್ಲ, ಬಿಟ್ಟುಹೋದೋರು ಮಾತ್ರ." ಸೋಲಿಗೆ ನೀನೇ ಕಾರಣ, ನಿನ್ನ ಪ್ರಯತ್ನ ಸಾಲದು, ನಿನ್ನ ಕನಸು ಸಣ್ಣದು. ಹುಟ್ಟಿದಾಗಿನಿಂದ "ತಪ್ಪು ನಿನ್ನದೇ" ಎಂದು ಕೇಳಿಕೊಂಡೇ ಬೆಳೆದ ನಮಗೆ ಅದನ್ನು ನಂಬುವುದು ಕಷ್ಟವಾಗಲಿಲ್ಲ.

ನನ್ನ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಹದಿನಾಲ್ಕು ತಿಂಗಳಲ್ಲಿ ಸೇರುವ ಹಣ, ಸಾಮಾನು ಎಂದು ಕಟ್ಟಿದ್ದು 31,400 ರೂಪಾಯಿ. ಬಸ್ಸು, ಸಭೆಯ ಟಿಕೆಟ್ಟು, ಊಟ ಎಂದು 6,200. ಸಾಮಾನು ಮಾರಿ ಬಂದದ್ದು 11,300, ಕಮಿಷನ್ನು 7,850. ಒಟ್ಟು 18,450 ರೂಪಾಯಿ ಕೈಬಿಟ್ಟಿತು. ತಿಂಗಳ ಪಾಯಿಂಟು ತಪ್ಪಬಾರದೆಂದು ಕೊಂಡ ಪ್ರೋಟೀನ್ ಪುಡಿಯ ಡಬ್ಬಿಗಳು ಬೀರುವಿನಲ್ಲಿ ಸಾಲಾಗಿ ನಿಂತಿದ್ದವು. ಕಮಿಷನ್ನು ಬಂದ ತಿಂಗಳು ಊರಿಗೆಲ್ಲ ಹೇಳಿದ್ದೆ, ಬರದ ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಈ ವ್ಯಾಪಾರ ನಡೆಯುವುದೇ ಇಂಥ ಮೌನದ ಮೇಲೆ. ಗುಡೇಕೋಟೆಯ ಸುತ್ತಿನ ಗುಡ್ಡಗಳಲ್ಲಿ ಕರಡಿಗಳಿವೆ, ಸರಕಾರ ಕರಡಿಧಾಮವನ್ನೇ ಮಾಡಿದೆ. ಹೊಲದ ಕಡೆ ಕರಡಿ ಕಂಡರೆ ಕಂಡವರು ಕೂಗಿ ಊರಿಗೆಲ್ಲ ತಿಳಿಸುತ್ತಾರೆ. ಹೀಗೆ ದುಡ್ಡು ಕಳೆದುಕೊಂಡವರು ಮಾತ್ರ ಕೂಗುವುದಿಲ್ಲ, ನಾಚಿಕೆ ಅಡ್ಡಬರುತ್ತದೆ.

ಹದಿನೆಂಟು ಸಾವಿರವನ್ನು ಹೊಲಿಗೆ ಹೊಲಿದು ತುಂಬಿಕೊಂಡೆ. ತುಂಬಿಕೊಳ್ಳಲಾಗದ್ದು ಬೇರೆ ಇದೆ. ಹಿಂದಿನ ಓಣಿಯ ಅಕ್ಕನನ್ನು ಸೇರಿಸಿದವಳು ನಾನೇ. ಹುಣಸೆಹಣ್ಣಿನ ಕೂಲಿಯಿಂದ ಕೂಡಿಟ್ಟಿದ್ದ ನಾಲ್ಕೂವರೆ ಸಾವಿರವನ್ನು ಆಕೆ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಕಂಪನಿಯ ಹೆಸರು ಆಕೆಗೆ ಸರಿಯಾಗಿ ಬಾಯಿಗೂ ಬರುತ್ತಿರಲಿಲ್ಲ. ಆಕೆ ನಂಬಿದ್ದು ನನ್ನನ್ನು. ಆಕೆಯ ಕೆಳಗೆ ಒಬ್ಬರೂ ಸೇರಲಿಲ್ಲ. ಒಂದು ದಿನವೂ ನನ್ನನ್ನು ಕೇಳಲಿಲ್ಲ, ಬೈಯಲಿಲ್ಲ. ಶ್ರಾವಣದ ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ನಿಲ್ಲಿಸಿದಳು, ಅಷ್ಟೇ. ಎರಡು ವರ್ಷದ ಮೇಲೆ ಆ ದುಡ್ಡನ್ನು ನಾನೇ ಒಯ್ದು ಕೊಟ್ಟೆ. ಎಣಿಸಿ ತೆಗೆದುಕೊಂಡಳು. "ಕುಂದ್ರು" ಅನ್ನಲಿಲ್ಲ.

ನನ್ನ ತಕರಾರು ಇಷ್ಟೇ. ಸಣ್ಣ ಊರಿನ ಹೆಣ್ಣಿಗೆ ಹೊಲ ಅವಳ ಹೆಸರಿನಲ್ಲಿಲ್ಲ, ಮನೆ ಅವಳ ಹೆಸರಿನಲ್ಲಿಲ್ಲ. ಅವಳದೆಂದು ಇರುವ ಆಸ್ತಿ ಒಂದೇ, ನಾಲ್ಕು ಜನ ಅವಳ ಮಾತು ನಂಬುತ್ತಾರೆ ಎಂಬುದು. ಹೆರಿಗೆಗೆ ಓಡಿ ಬರುವವರು, ಕಷ್ಟಕ್ಕೆ ಕೈಗಡ ಕೊಡುವವರು ಆ ನಾಲ್ಕು ಜನವೇ. ಈ ವ್ಯಾಪಾರ ಮಾರುವುದು ಅದನ್ನು. ಶಾಂಪೂ, ಪೇಸ್ಟು ನೆಪ ಮಾತ್ರ.

"ಕಾನೂನು ಒಪ್ಪಿದ ವ್ಯಾಪಾರವಲ್ಲವೇ?" ಎಂದು ಕೇಳುವವರಿದ್ದಾರೆ. ನೇರ ಮಾರಾಟವನ್ನು ಕಾನೂನು ಒಪ್ಪುತ್ತದೆ, ಜನರನ್ನು ಸೇರಿಸಿ ದುಡ್ಡು ಮಾಡುವುದನ್ನು ಒಪ್ಪುವುದಿಲ್ಲ. ಹಣ ಸುತ್ತಿಸುವ ಸ್ಕೀಮುಗಳನ್ನು ನಿಷೇಧಿಸಿದ ಕಾಯ್ದೆ 1978ರಿಂದಲೇ ಇದೆ. ಅದರಲ್ಲಿ ಸ್ಕೀಮು ನಡೆಸುವವನ ಜೊತೆಗೆ ಅದಕ್ಕೆ ಸದಸ್ಯರನ್ನು ಸೇರಿಸುವವರೂ ತಪ್ಪಿತಸ್ಥರು. ಸೇರುವುದಕ್ಕೆ ಶುಲ್ಕ ಕೇಳಬಾರದು, ಮಾರಲಾಗದಷ್ಟು ಸಾಮಾನು ಹೊರಿಸಬಾರದು ಎಂದು ಕೇಂದ್ರ ಸರಕಾರದ 2016ರ ಮಾರ್ಗಸೂಚಿ ಹೇಳಿತು. 2021ರ ಡಿಸೆಂಬರಿನ ನೇರ ಮಾರಾಟದ ನಿಯಮಗಳು ಪಿರಮಿಡ್ ಸ್ಕೀಮುಗಳನ್ನು ಸ್ಪಷ್ಟವಾಗಿ ನಿಷೇಧಿಸಿದವು. 2022ರ ಏಪ್ರಿಲಿನಲ್ಲಿ ಜಾರಿ ನಿರ್ದೇಶನಾಲಯವು ಆಮ್ವೇ ಕಂಪನಿಯ 757 ಕೋಟಿ ರೂಪಾಯಿಗೂ ಹೆಚ್ಚಿನ ಆಸ್ತಿಯನ್ನು ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಂಡು, ಅಲ್ಲಿ ಸಾಮಾನಿಗಿಂತ ಸದಸ್ಯತ್ವದ ಪ್ರಚಾರವೇ ಮುಖ್ಯವೆಂದು ಆರೋಪಿಸಿತು. ಇದು 2011ರ ತನಿಖೆಗೆ ಸಂಬಂಧಿಸಿದ್ದು, ತಾನು ಸಹಕರಿಸುತ್ತಿರುವೆ ಎಂದು ಕಂಪನಿ ಹೇಳಿತು. ಅಮೆರಿಕದಲ್ಲಿ 2016ರಲ್ಲಿ ಹರ್ಬಾಲೈಫ್ ಕಂಪನಿ ಅಲ್ಲಿನ ಸರಕಾರದೊಂದಿಗೆ ರಾಜಿಗೆ ಬಂದು 20 ಕೋಟಿ ಡಾಲರ್ ಕೊಡಬೇಕಾಯಿತು. 2017ರಲ್ಲಿ ಸುಮಾರು ಮೂರೂವರೆ ಲಕ್ಷ ಜನರಿಗೆ ಆ ಹಣದ ಚೆಕ್ಕುಗಳು ಹೋದವು. ನಷ್ಟ ಗುಡೇಕೋಟೆಯ ಪೆದ್ದರಿಗೆ ಮಾತ್ರ ಆಗುವುದಲ್ಲ.

ಮೇಲೆ ಏರಿದವರ ಕಥೆಯೂ ಕೇಳಿ. ಅಮೆರಿಕದ ಗೃಹಿಣಿಯರ ಮನೆಮನೆಯಲ್ಲಿ ಕೂಟ ಸೇರಿಸಿ ಟಪ್ಪರ್‌ವೇರ್ ಡಬ್ಬಿ ಮಾರುವ ಪದ್ಧತಿಯನ್ನು ಬೆಳೆಸಿದವರು ಬ್ರೌನಿ ವೈಸ್ ಎಂಬ ಹೆಣ್ಣುಮಗಳು. 1954ರಲ್ಲಿ ದೊಡ್ಡ ವಾಣಿಜ್ಯ ಪತ್ರಿಕೆಯೊಂದರ ಮುಖಪುಟದಲ್ಲಿ ಅವರ ಚಿತ್ರ ಬಂತು. 1958ರಲ್ಲಿ ಕಂಪನಿ ಅವರನ್ನು ಹೊರಗೆ ಹಾಕಿತು. ಆಗ ಅವರ ಹೆಸರಿನಲ್ಲಿ ಕಂಪನಿಯ ಒಂದು ಷೇರೂ ಇರಲಿಲ್ಲ. ಏಣಿಯ ತುದಿಗೆ ಹೋದವರ ಪಾಡೇ ಇದಾದರೆ, ಬುಡದಲ್ಲಿ ನಿಂತ ನಮ್ಮದೇನು?

ಹಾಗಾದರೆ ಹೆಣ್ಣುಮಕ್ಕಳು ಮನೆಯಿಂದ ವ್ಯಾಪಾರ ಮಾಡಬಾರದೇ? ಖಂಡಿತ ಮಾಡಬೇಕು. ನಮ್ಮ ಕಡೆ ಕಂತಿನ ಮೇಲೆ ಸೀರೆ ಮಾರುವ ಅಕ್ಕಂದಿರಿದ್ದಾರೆ, ಜೋಳದ ರೊಟ್ಟಿ ಬಡಿದು ಕೊಡುವವರಿದ್ದಾರೆ, ಶೇಂಗಾ ಚಟ್ನಿಪುಡಿ ಮಾಡುವವರಿದ್ದಾರೆ. ಸೀರೆ ಮಾರುವಾಕೆಗೆ ನೀವು ಸೀರೆ ಕೊಂಡರೆ ಸಾಕು. ನೀವೂ ಸೀರೆ ಮಾರಬೇಕೆಂದು ಆಕೆ ಗಂಟುಬೀಳುವುದಿಲ್ಲ. ಸೀರೆ ಬಣ್ಣ ಬಿಟ್ಟರೆ ಆಕೆಯ ಬಾಗಿಲಿಗೇ ಹೋಗಿ ಜಗಳವಾಡಬಹುದು. 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳಲ್ಲೂ ಜಗಳಗಳಿವೆ, ಬಾಕಿ ಉಳಿಸಿಕೊಂಡವರಿದ್ದಾರೆ. ಆದರೆ ಲೆಕ್ಕದ ಪುಸ್ತಕ ನಮ್ಮ ನಡುವೆಯೇ ಇರುತ್ತದೆ, ಬಡ್ಡಿಯೂ ನಮ್ಮ ಸಂಘಕ್ಕೇ ಬರುತ್ತದೆ. ಇನ್ನು ಮುಂದೆ ಯಾರು ಬಂದರೂ ಎರಡೇ ಪ್ರಶ್ನೆ ಕೇಳಿ. ನಾನು ಯಾರನ್ನೂ ಸೇರಿಸದೆ ಬರೀ ಸಾಮಾನು ಮಾರಿದರೆ ಎಷ್ಟು ಉಳಿಯುತ್ತದೆ? ಕಮಿಷನ್ನಿನ ಆಸೆ ಇಲ್ಲದವರು ಇದೇ ಬೆಲೆಗೆ ಇದನ್ನು ಕೊಳ್ಳುತ್ತಾರೆಯೇ? ಉತ್ತರ ಹಲಗೆಯ ಮೇಲೆ ಬೇಡ, ಅವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತೋರಿಸಲಿ.

ಈಗ ಸಭೆ ಮೊಬೈಲಿನೊಳಗೇ ನಡೆಯುತ್ತದೆ. ಹೋದ ವರ್ಷ ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ಮುಖಕ್ಕೆ ಹಚ್ಚುವ ಕ್ರೀಮು ಹಿಡಿದು ಬಂದಳು. "ಅತ್ತೀ, ಐದೇ ನಿಮಿಷ ಕೇಳ್ರಿ" ಎಂದಳು. ಅವಳ ಚೀಲದಲ್ಲಿ ಅಂಥದೇ ಒಂದು ನೋಟ್‌ಬುಕ್ಕಿತ್ತು. ಬೈದು ಕಳಿಸಬಹುದಿತ್ತು, ಬೈಯಲಿಲ್ಲ. ಅವಳನ್ನು ಬೈದರೆ ಅವಳು ಮತ್ತೆ ಅದೇ ಚಪ್ಪಾಳೆಯ ಹಾಲಿಗೇ ಓಡುತ್ತಾಳೆ. ಚಹಾ ಕೊಟ್ಟು ಕೂರಿಸಿ, ಅವಳ ಪುಸ್ತಕದ ಹಿಂದಿನ ಹಾಳೆಯಲ್ಲೇ ಆರು, ಮೂವತ್ತಾರು, ಇನ್ನೂರ ಹದಿನಾರು ಎಂದು ಬರೆಸುತ್ತ ಹೋದೆ. ಎಂಟನೆಯ ಸುತ್ತಿಗೆ ಅವಳ ಪೆನ್ನು ನಿಂತಿತು. ಆಮೇಲೆ ಪುಟ ತಿರುವಿ, ಪಟ್ಟಿಯಲ್ಲಿದ್ದ ಅವಳ ಅವ್ವನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಳು.